ಜೇನಿಗೆ ಹೇಳಿದ ಸಾವು

"ನಮ್ಮತ್ತೇನ ಕೊಂದೋರು ನೀವು, ಟಿಲ್ಲಿಯವ್ರೇ. ಕೈಯಿಂದಲ್ಲ, ಪೆನ್ನಿಂದ."

ರೂಫಸ್ ಪೆಂಬ್ರಿ ಈ ಮಾತನ್ನು ಕೂಗಿ ಹೇಳಲಿಲ್ಲ. ದೊಡ್ಡ ಹಜಾರದ ಬೆಂಕಿಗೂಡಿನ ಮುಂದೆ ನಿಂತು, ಬೆನ್ನು ಕಾಯಿಸಿಕೊಳ್ಳುತ್ತಾ, ಇವತ್ತು ಚಳಿ ಜಾಸ್ತಿ ಅಂದ ಹಾಗೆ ಅಂದ.

ಆಂಬ್ರೋಸ್ ಟಿಲ್ಲಿ ತಲೆ ಎತ್ತಿ ನಿಂತಿದ್ದ. ಅವನ ಕಣ್ಣು ಮೇಲಿತ್ತು. ಹಜಾರದ ಮೂರು ಕಡೆಗೂ ಸುತ್ತಿಕೊಂಡು ಹೋಗುವ ಮಹಡಿ ಮೊಗಸಾಲೆ. ಅದರ ಅಂಚಿಗೆ ಕಡೆದ ಓಕ್ ಕಂಬಗಳ ಕಟಕಟೆ. ಮಧ್ಯದಲ್ಲಿ ಒಂದು ಕಡೆ ಮಾತ್ರ ಏನೂ ಇಲ್ಲ. ಹಲ್ಲು ಬಿದ್ದ ಬಾಯಿಯಂತೆ ಕತ್ತಲು.

ಗುರುವಾರ ರಾತ್ರಿ ಅಲ್ಲಿಂದಲೇ ಈ ಆಲ್ಡರ್‌ಕೋಟ್ ಮನೆಯ ಒಡತಿ ಮಿಸ್ ಲೆಟಿಸ್ ಪೆಂಬ್ರಿ ಕಲ್ಲುಹಾಸಿನ ಮೇಲೆ ಬಿದ್ದು ತೀರಿಕೊಂಡಿದ್ದರು. ಈಗ ಶನಿವಾರ ಮಧ್ಯಾಹ್ನ.

"ಮಾತಾಡಿ. ವಸಂತಕಾಲದಲ್ಲೇ ಕೇಳಿದ್ನಲ್ಲ, ಈ ಮುದಿ ಕಟಕಟೆ ತೆಗೆದು ಕಬ್ಬಿಣದ್ದು ಹಾಕ್ತೀನಿ ಅಂತ? ಏನು ಬರೆದು ಕಳಿಸಿದ್ರಿ?"

"ಕಟಕಟೆ ಗಟ್ಟಿಯಾಗಿದೆ, ತೆಗೆಯೋಕೆ ಅನುಮತಿ ಇಲ್ಲ ಅಂತ ಬರೆದೆ," ಟಿಲ್ಲಿ ನಿಧಾನವಾಗಿ ಹೇಳಿದ.

"ಗಟ್ಟಿಯಾಗಿದೆ!" ರೂಫಸ್ ಮೇಲೆ ನೋಡಿ ನಕ್ಕ. "ಕೇಳಿಸಿಕೊಂಡ್ರಾ ಇನ್ಸ್‌ಪೆಕ್ಟರ್?"

ಇನ್ಸ್‌ಪೆಕ್ಟರ್ ಹೆಸ್ಟರ್ ಗ್ವಿಲ್ಟ್ ಕಿಟಕಿಯ ಬಳಿ ನಿಂತು ಹೊರಗಿನ ತೋಟ ನೋಡುತ್ತಿದ್ದಳು. ದಪ್ಪ ಮೈಯ, ಕಡಿಮೆ ಮಾತಿನ ಹೆಂಗಸು. ಕೋಟಿನ ಜೇಬಿನಿಂದ ಒಂದು ಪೆಪ್ಪರ್‌ಮಿಂಟ್ ತೆಗೆದು ಬಾಯಿಗೆ ಹಾಕಿಕೊಂಡಳು.

"ಕೇಳಿಸ್ತು. ನನ್ನ ಕಿವಿ ಇನ್ನೂ ಗಟ್ಟಿಯಾಗಿದೆ," ಎಂದಳು.

ಟಿಲ್ಲಿಗೆ ನಗು ಬರಲಿಲ್ಲ. ಎರಡು ರಾತ್ರಿಯಿಂದ ಅವನು ಕಣ್ಣು ಮುಚ್ಚಿರಲಿಲ್ಲ. ಕಣ್ಣು ಮುಚ್ಚಿದರೆ ಸಾಕು, ತನ್ನದೇ ಸಹಿ ಕಾಣುತ್ತಿತ್ತು.

ಜಿಲ್ಲೆಯ ಹಳೆ ಕಟ್ಟಡಗಳ ಕಾವಲು ಅವನ ಕೆಲಸ. ಯಾವ ಮನೆ ಸರ್ಕಾರದ ಪಟ್ಟಿಗೆ ಸೇರಬೇಕು, ಸೇರಿದ ಮನೆಯಲ್ಲಿ ಯಾವ ಬಾಗಿಲು ಮುಟ್ಟಬಹುದು, ಯಾವ ತೊಲೆ ಮುಟ್ಟಬಾರದು ಎಂದು ಹೇಳಿ ಹೇಳಿ ಅವನಿಗೆ ಕೂದಲು ಬೆಳ್ಳಗಾಗಿತ್ತು. ಆ ಕೆಲಸದಲ್ಲಿ ಸ್ನೇಹಿತರು ಹುಟ್ಟುವುದಿಲ್ಲ. ಬೇಡ ಅನ್ನುವುದೇ ಉದ್ಯೋಗವಾದವನನ್ನು ಯಾರು ಊಟಕ್ಕೆ ಕರೆಯುತ್ತಾರೆ? ಮಿಸ್ ಲೆಟಿಸ್ ಒಬ್ಬರೇ ಕರೆಯುತ್ತಿದ್ದರು. "ಬನ್ನಿ ಟಿಲ್ಲಿ, ಬೇಡ ಅನ್ನದೆ ಒಂದು ತುಂಡು ಕೇಕ್ ತಿನ್ನಿ," ಎನ್ನುತ್ತಿದ್ದರು.

ಸೋಮವಾರ ಬೆಳಿಗ್ಗೆ ಸಾವಿನ ವಿಚಾರಣೆ. ಕಟಕಟೆ ಹಳತಾಗಿ ಮುರಿಯಿತು ಎಂದು ವಿಚಾರಣೆಯ ಅಧಿಕಾರಿ ಕರೋನರ್ ತೀರ್ಪು ಕೊಟ್ಟರೆ ಎರಡು ಸಂಗತಿಗಳಾಗುತ್ತವೆ. ಒಂದು, ಮನುಷ್ಯರ ಮೇಲೆ ಬೀಳುವ ಮನೆ ಎಂದು ಜಿಲ್ಲೆಯ ಎಂಜಿನಿಯರ್ ಆಲ್ಡರ್‌ಕೋಟನ್ನು ಕೆಡವಲು ಆಜ್ಞೆ ಕೊಡುತ್ತಾನೆ; ಆಗ ಯಾವ ಪಟ್ಟಿಯೂ ಅದನ್ನು ಕಾಯುವುದಿಲ್ಲ. ಎರಡನೆಯದು, ತನಗೆ ಕೇಕ್ ಕೊಟ್ಟ ಕೈಯನ್ನು ತಾನೇ ಮಣ್ಣಿಗೆ ಕಳಿಸಿದೆ ಎಂದು ಟಿಲ್ಲಿ ಬದುಕಿರುವಷ್ಟು ದಿನ ತಿಳಿದುಕೊಂಡಿರಬೇಕಾಗುತ್ತದೆ.

ಎರಡನೆಯದೇ ಅವನಿಗೆ ಹೆಚ್ಚು ಭಾರವಾಗಿತ್ತು.

"ಟಿಲ್ಲಿಯವ್ರೇ," ಗ್ವಿಲ್ಟ್ ಕಿಟಕಿಯಿಂದ ತಿರುಗಿದಳು. "ನಾನು ನಿಮ್ಮನ್ನ ಕರೆಸಿದ್ದು ಬೈಸಿಕೊಳ್ಳೋಕಲ್ಲ. ಮೇಜಿನ ಮೇಲಿರೋದನ್ನ ನೋಡಿ."

ಉದ್ದ ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ, ಬಿದ್ದ ಕಟಕಟೆಯ ತುಂಡುಗಳನ್ನು ಪೊಲೀಸರು ಜೋಡಿಸಿಟ್ಟಿದ್ದರು. ಮೇಲಿನ ಹಿಡಿಕೆ, ಕೆಳಗಿನ ಪಟ್ಟಿ, ಕಡೆದ ಕಂಬಗಳು. ಒಂದು ಮೂಲೆಯಲ್ಲಿ ಬೆರಳುದ್ದದ ಕೆಲವು ಓಕ್ ಗೂಟಗಳು. ಈ ಮನೆ ಕಟ್ಟಿದ ಕಾಲದ ಮರಗೆಲಸದಲ್ಲಿ ಕಬ್ಬಿಣದ ಮೊಳೆ ಇಲ್ಲ. ಮರವನ್ನು ಮರಕ್ಕೆ ಹಿಡಿಸುವುದು ಈ ಗೂಟಗಳೇ.

ಟಿಲ್ಲಿ ಮೇಜಿನ ಹತ್ತಿರ ಹೋದ. ಹೆಣದ ಮುಂದೆ ನಿಂತ ಹಾಗೆ ಟೋಪಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡ.

"ಮುಟ್ಟಬಹುದಾ ಮೇಡಂ?"

"ಮುಟ್ಟೋಕೇ ಕರೆಸಿದ್ದು."

ಮೊದಲು ಹಿಡಿಕೆಯ ತುದಿ ನೋಡಿದ. ನಾಲಿಗೆಯಂತೆ ಚಾಚಿಕೊಂಡ ಆ ತುದಿ ಕಂಬದ ಬಾಯಿಯೊಳಗೆ ಕೂತಿರಬೇಕಾದದ್ದು. ಹುಳು ತಿಂದಿರಲಿಲ್ಲ. ಮರ ಮುರಿದೂ ಇರಲಿಲ್ಲ. ಗೂಟದ ತೂತು ಸೀಳದೆ ದುಂಡಗೇ ಇತ್ತು. ಹಿಡಿಕೆ ಸುಮ್ಮನೆ ಜಾರಿ ಹೊರಗೆ ಬಂದಿತ್ತು, ಒರೆಯಿಂದ ಚಾಕು ಬಂದ ಹಾಗೆ.

ಆಮೇಲೆ ಒಂದು ಗೂಟ ತೆಗೆದು ಮೇಜಿನ ಮೇಲೆ ಉರುಳಿಸಿದ.

ಗೂಟ ನೆಟ್ಟಗೆ ಉರುಳಿಕೊಂಡು ಹೋಯಿತು. ಅಂಚಿಗೆ ಬಂದು ಇನ್ನೇನು ಬೀಳಬೇಕು, ಗ್ವಿಲ್ಟ್ ಕೈಯೊಡ್ಡಿ ಹಿಡಿದಳು.

ಟಿಲ್ಲಿ ಇನ್ನೊಂದು ಉರುಳಿಸಿದ. ಅದೂ ನೆಟ್ಟಗೆ ಹೋಯಿತು.

"ಏನು ಆಟ ಇದು?" ರೂಫಸ್ ಕೇಳಿದ.

ಟಿಲ್ಲಿ ಮೂರನೆಯದನ್ನು ಕೈಗೆತ್ತಿಕೊಂಡ. "ಮೇಡಂ, ಇವು ಉರುಳಬಾರದು."

"ಯಾಕೆ?"

"ಆ ಕಾಲದ ಬಡಗಿಗಳು ತೂತಿಗೆ ಎದುರಾಗಿ ತೂತು ಕೊರೀತಿರಲಿಲ್ಲ. ನಾಲಿಗೆಯ ತೂತನ್ನ ಒಂದು ಗೋಧಿಕಾಳಿನಷ್ಟು ಒಳಕ್ಕೆ ಸರಿಸಿ ಕೊರೆಯೋರು. ಗೂಟ ಹೊಡೆದರೆ ಅದು ನೆಟ್ಟಗೆ ಹೋಗೋಕಾಗಲ್ಲ, ಸೊಂಟ ಬಳುಕಿಸಿಕೊಂಡೇ ಹೋಗಬೇಕು. ಹಾಗೆ ಬಳುಕಿದ ಗೂಟ ಎರಡು ಮರನೂ ಎಳೆದು ಹಿಡಿಯುತ್ತೆ. ಅಂಟು ಬೇಡ, ಕಬ್ಬಿಣ ಬೇಡ. ಒಂದು ಸಲ ಬಳುಕಿದ್ದು ಮತ್ತೆ ನೆಟ್ಟಗಾಗಲ್ಲ."

"ಪಕ್ಕದ ಕಂಬದ್ದು ತೆಗೆದು ತೋರಿಸ್ತೀರಾ?"

ಟಿಲ್ಲಿ ಮಹಡಿಯ ಕಡೆ ನೋಡಿದ. ಈ ಜಿಲ್ಲೆಯಲ್ಲಿ ಹಳೆ ಮನೆಯ ಒಂದು ಬಾಗಿಲ ಚಿಲಕ ಬದಲಾಯಿಸಬೇಕಾದರೂ ಅವನ ಕಚೇರಿಗೆ ಅರ್ಜಿ ಹೋಗಬೇಕು. ಕೆಲಸಕ್ಕೆ ಸೇರಿದ ಮೇಲೆ ಅವನ ಕೈ ಒಂದು ಹಳೆ ಗೂಟವನ್ನೂ ಕಿತ್ತಿರಲಿಲ್ಲ.

"ಅರ್ಜಿ ಬೇಕಾ?" ಗ್ವಿಲ್ಟ್ ಕೇಳಿದಳು.

"ಬೇಡ ಮೇಡಂ. ಸೋಮವಾರ ನನಗೆ ನಾನೇ ನೋಟೀಸು ಕೊಟ್ಕೊಳ್ತೀನಿ."

ಕಾರಿನಿಂದ ಕೊಡತಿ, ಕಬ್ಬಿಣದ ಸಣ್ಣ ಸಲಾಕೆ ತಂದ. ಮೂವರೂ ಮಹಡಿ ಹತ್ತಿದರು. ಬಿದ್ದುಹೋದ ಭಾಗದ ಪಕ್ಕದಲ್ಲೇ ನಿಂತಿದ್ದ ಕಂಬದ ಮುಂದೆ ಟಿಲ್ಲಿ ಮಂಡಿಯೂರಿದ. ಏಟು ಹಾಕುವ ಮುಂಚೆ ಕಂಬದ ಮೇಲೆ ಅಂಗೈ ಇಟ್ಟ. ಹಸು ಕರೆಯುವವರು ಮೊದಲು ಬೆನ್ನು ಸವರುತ್ತಾರಲ್ಲ, ಹಾಗೆ. ಆಮೇಲೆ ಹಿಂದಿನಿಂದ ಸಲಾಕೆ ಇಟ್ಟು ಹೊಡೆದ. ಗೂಟ ಅಲುಗಲಿಲ್ಲ. ಮತ್ತೆ ಹೊಡೆದ. ಬೆವರು ಮೂಗಿನ ತುದಿಗೆ ಬಂತು. ಎಷ್ಟೋ ಹೊತ್ತಿನ ಮೇಲೆ ಕರ್ರ್ ಎಂದು ಸದ್ದು ಮಾಡಿ, ಇಷ್ಟವಿಲ್ಲದ ಮನಸ್ಸಿನಿಂದ ಹೊರಗೆ ಬಂತು.

ಕಪ್ಪು ಗೂಟ. ನಡುವಿನಲ್ಲಿ ಸೊಂಟ ಬಾಗಿತ್ತು. ಮಡಿಚಿದ ಮೊಣಕೈಯ ಹಾಗೆ.

ಗ್ವಿಲ್ಟ್ ಇದನ್ನೂ ಕೆಳಗಿಂದ ತಂದಿದ್ದ ಗೂಟವನ್ನೂ ಪಕ್ಕಪಕ್ಕ ಇಟ್ಟುಕೊಂಡು ಬಹಳ ಹೊತ್ತು ನೋಡಿದಳು. ಟಿಲ್ಲಿ ನೆಟ್ಟಗಿನ ಗೂಟವನ್ನು ಉಗುರಿನಿಂದ ಕೆರೆದ. ಮೇಲೆ ಕಪ್ಪು, ಒಳಗೆ ಬೆಣ್ಣೆಯ ಬಣ್ಣ. ಮೂಗಿಗೆ ಹಿಡಿದ. ಹೊಸ ಓಕ್ ಮರದ ಹುಳಿ ವಾಸನೆ.

"ಹೊಸ ಮರ. ಬಣ್ಣ ಹಚ್ಚಿದ್ದಾರೆ," ಎಂದ. "ಹಳೆ ಗೂಟ ಕಿತ್ತು, ಹೊಸದನ್ನ ತೆಳ್ಳಗೆ ಕೆತ್ತಿ, ಬೆರಳಲ್ಲಿ ತಳ್ಳಿದರೆ ಹೋಗೋ ಹಾಗೆ ಹಾಕಿದ್ದಾರೆ. ಮುಟ್ಟಿದರೆ ನಿಲ್ಲುತ್ತೆ. ಒರಗಿದರೆ ಹೋಗುತ್ತೆ."

ಲೆಟಿಸ್ ದೊರೆಸಾನಿಗೆ ಒಂದು ಅಭ್ಯಾಸ ಇದ್ದದ್ದು ಊರಿಗೇ ಗೊತ್ತು. ಮಲಗುವ ಮುಂಚೆ ಆ ಜಾಗದಲ್ಲಿ ಕಟಕಟೆಗೆ ಒರಗಿ, ಹಜಾರದ ಗಡಿಯಾರ ಹೊಡೆಯುವುದನ್ನು ಕೇಳಿ, ಆಮೇಲೆ ದೀಪ ಆರಿಸುತ್ತಿದ್ದರು. ಕಣ್ಣು ಮಂಜಾದ ಮೇಲೆ ಆಕೆಗೆ ಮನೆ ಕಾಣುತ್ತಿದ್ದದ್ದು ಹೆಚ್ಚಾಗಿ ಕಿವಿಯಲ್ಲೇ.

ಟಿಲ್ಲಿ ಕಂಬ ಹಿಡಿದುಕೊಂಡೇ ಎದ್ದ. ಮನೆ ಕೊಂದಿರಲಿಲ್ಲ. ಅವನ ಸಹಿ ಕೊಂದಿರಲಿಲ್ಲ. ಎದೆಯ ಮೇಲಿದ್ದ ಕಲ್ಲು ಸ್ವಲ್ಪ ಸರಿದ ಹಾಗಾಯಿತು.

ಸರಿದದ್ದು ಅಷ್ಟೇ ಹೊತ್ತು.

ರೂಫಸ್ ಮೆಲ್ಲಗೆ ಚಪ್ಪಾಳೆ ತಟ್ಟಿದ. "ಬಹಳ ಚೆನ್ನಾಗಿತ್ತು. ಹೊಸ ಗೂಟ. ಒಪ್ಪಿದೆ. ಈಗ ಒಂದು ಮಾತು ಕೇಳ್ತೀನಿ. ಹೋದ ವರ್ಷ ಈ ಮೊಗಸಾಲೆಯಲ್ಲಿ ಬಡಗಿ ಕೆಲಸ ಮಾಡಿಸಿದ್ದು ಯಾರು?"

ಟಿಲ್ಲಿ ಸಲಾಕೆ ಕೆಳಗಿಟ್ಟ.

"ಹೇಳಿ ಸ್ವಾಮಿ. ನಾನಂತೂ ಆಗ ಕೀನ್ಯಾದಲ್ಲಿದ್ದೆ. ಚಿಕ್ಕಂದಿನಲ್ಲಿ ಹೋದವನು ಇಲ್ಲಿಗೆ ವಾಪಸ್ ಬಂದದ್ದೇ ಈ ವಸಂತಕಾಲದಲ್ಲಿ."

"ನಾನು," ಎಂದ ಟಿಲ್ಲಿ. "ಕೆಳಗಿನ ಒಂದು ತೊಲೆ ಸರಿ ಮಾಡಿಸಿದ್ದೆ. ಪ್ರೀಸ್ ಅನ್ನೋ ಬಡಗಿ ಕೈಲಿ. ಕಟಕಟೆ ಮುಟ್ಟಿಲ್ಲ."

"ಮುಟ್ಟಿಲ್ಲ ಅಂತ ಯಾರು ಹೇಳ್ತಾರೆ? ಪ್ರೀಸ್ ಹೇಳ್ತಾನಾ?"

"ಪ್ರೀಸ್ ಹೋದ ಚಳಿಗಾಲದಲ್ಲಿ ತೀರಿಕೊಂಡ."

"ಅಯ್ಯೋ ಪಾಪ." ರೂಫಸ್ ಗ್ವಿಲ್ಟ್ ಕಡೆ ತಿರುಗಿದ. "ನೋಡಿ ಇನ್ಸ್‌ಪೆಕ್ಟರ್. ಹಳೆ ಮರ ಮುರೀತು ಅಂದಿದ್ರೆ ಇವರದು ಬರೀ ತಪ್ಪು ತಿಳುವಳಿಕೆ ಆಗ್ತಿತ್ತು. ಈಗ ತಾವೇ ತೋರಿಸಿಕೊಟ್ಟರು, ತಾವು ಮಾಡಿಸಿದ ಕೆಲಸವೇ ಕಳಪೆ ಅಂತ. ನನಗಿಂತ ಚೆನ್ನಾಗಿ ಇವರೇ ತಮ್ಮ ಹಗ್ಗ ಹೊಸೆದುಕೊಂಡ್ರು."

ಟಿಲ್ಲಿಯ ಕೈಯಲ್ಲಿದ್ದ ಆ ಬಾಗಿದ ಗೂಟ ಇದ್ದಕ್ಕಿದ್ದಂತೆ ತಣ್ಣಗಾದ ಹಾಗೆ ಅನಿಸಿತು. ಸತ್ತ ಪ್ರೀಸ್‌ನ ಹೆಸರನ್ನೂ ತಾನೇ ಕೆಸರಿಗೆ ಎಳೆದಂತಾಯಿತಲ್ಲ ಎಂದುಕೊಂಡ. ಪ್ರೀಸ್ ಒಂದು ಗೂಟ ಕೆತ್ತಬೇಕಾದರೆ ಅರ್ಧ ದಿನ ಮರವನ್ನು ನೋಡುತ್ತಾ ಕೂರುತ್ತಿದ್ದವನು.

ಗ್ವಿಲ್ಟ್ ಪೆಪ್ಪರ್‌ಮಿಂಟನ್ನು ಒಂದು ಕೆನ್ನೆಯಿಂದ ಇನ್ನೊಂದು ಕೆನ್ನೆಗೆ ಸರಿಸಿದಳು.

"ಪೆಂಬ್ರಿಯವ್ರೇ, ಗುರುವಾರ ರಾತ್ರಿ ಪಾದ್ರಿಗಳು ನಿಮ್ಮ ಜೊತೆ ಊಟಕ್ಕೆ ಬಂದಿದ್ರಲ್ವಾ?"

"ಬಂದಿದ್ರು. ಮಧ್ಯಾಹ್ನವೆಲ್ಲ ಬಿರುಮಳೆ. ಕತ್ತಲಾಗೋ ಹೊತ್ತಿಗೆ ನಿಂತ ಮೇಲೆ ನಡೆದುಕೊಂಡು ಬಂದ್ರು. ಅತ್ತೆಯೇ ಬಾಗಿಲವರೆಗೂ ಹೋಗಿ ಕಳಿಸಿಕೊಟ್ರು."

"ಊಟದ ಹೊತ್ತಲ್ಲಿ ನಿಮ್ಮತ್ತೆ ಮಾತೇ ಆಡಲಿಲ್ಲ, ಒಂದೇ ಒಂದು ಪ್ರಶ್ನೆ ಕೇಳಿದ್ರು ಅಂತ ಪಾದ್ರಿಗಳು ಹೇಳಿದ್ರು."

ರೂಫಸ್ ಹುಬ್ಬು ಏರಿಸಿದ. "ಓ, ಅದಾ? ನಿಮ್ಮಪ್ಪನ್ನ ಮಣ್ಣು ಮಾಡಿದ ದಿನ ನೆನಪಿದೆಯಾ ಅಂತ ನನ್ನನ್ನ ಕೇಳಿದ್ರು. ಮುದುಕರಿಗೆ ಊಟದ ಹೊತ್ತಲ್ಲೇ ಇಂಥದ್ದೆಲ್ಲ ನೆನಪಾಗೋದು. ನಾನಾಗ ಪುಟ್ಟ ಹುಡುಗ. ಮಳೆ ಬರ್ತಿತ್ತು ಅತ್ತೆ, ಎಲ್ಲರೂ ಕಪ್ಪು ಕೊಡೆ ಹಿಡಿದಿದ್ರು ಅಂದೆ."

"ಅದಕ್ಕೆ ಏನಂದ್ರು?"

"ಏನೂ ಇಲ್ಲ. ಬ್ರೆಡ್ಡಿಗೆ ಬೆಣ್ಣೆ ಹಚ್ಚಿಕೊಂಡ್ರು."

ಗ್ವಿಲ್ಟ್ ತಲೆಯಾಡಿಸಿದಳು. "ತೋಟದ ಗೋಡೆಯಲ್ಲಿ ಜೇನುಬುಟ್ಟಿಗಳಿವೆಯಲ್ಲ, ಅವುಗಳ ಮೇಲೆ ಕಪ್ಪು ಬಟ್ಟೆ ಕಟ್ಟಿದೆ. ಕಿಟಕಿಯಿಂದ ಕಾಣ್ತು. ಕಟ್ಟಿದ್ದು ನೀವಾ?"

"ಜೇನುಬುಟ್ಟಿಗೆ ಬಟ್ಟೆನಾ? ಯಾಕೆ, ಚಳಿ ಆಗುತ್ತೇನು ಅವಕ್ಕೆ?"

"ಮನೆಯಲ್ಲಿ ಸಾವಾದ್ರೆ ಜೇನಿಗೆ ಹೇಳಬೇಕು. ನಮ್ಮ ಕಡೆ ಪದ್ಧತಿ."

ರೂಫಸ್ ಈ ಸಲ ಮನಸಾರೆ ನಕ್ಕ. "ಜೇನಿಗೆ ಸಾವಿನ ಸುದ್ದಿ! ನನ್ನ ಜನ್ಮದಲ್ಲಿ ಇಂಥದ್ದು ಕೇಳಿಲ್ಲ. ಆಮೇಲೆ ಕೋಳಿಗೂ ಒಂದು ಮಾತು ಹೇಳಿ, ಬೇಜಾರು ಮಾಡಿಕೊಂಡಾವು. ಬೆಡೋಸಮ್ಮನ ಕೆಲಸ ಇರಬೇಕು. ಕೇಳಿ ಹೋಗಿ, ಅಲ್ಲೇ ಎಲ್ಲೋ ಅಳ್ತಾ ಕೂತಿರ್ತಾಳೆ."

ಹೊರಗೆ ಬಂದ ಮೇಲೆ ಟಿಲ್ಲಿ ಕೇಳಿದ: "ನನ್ನನ್ನ ಹಿಡಿದುಕೊಂಡು ಹೋಗ್ತೀರಾ ಮೇಡಂ?"

"ಯಾಕೆ?"

"ಅವರು ಹೇಳಿದ್ದು ಸುಳ್ಳಲ್ಲ. ಕರೋನರ್ ಮುಂದೆ ನನ್ನ ಗೂಟ ನನಗೇ ಚುಚ್ಚುತ್ತೆ."

"ಚುಚ್ಚುತ್ತೆ," ಗ್ವಿಲ್ಟ್ ಒಪ್ಪಿದಳು. ಸಮಾಧಾನ ಹೇಳುವ ಅಭ್ಯಾಸ ಅವಳಿಗಿರಲಿಲ್ಲ. "ಮರದ ತುಂಡು ಒಂದೇ ಸಾಲದು. ಬನ್ನಿ."

ಹಿತ್ತಲಿನ ಗೋಡೆ ಸುಣ್ಣಕಲ್ಲಿನದು. ಮಧ್ಯಾಹ್ನದ ಬಿಸಿಲಿಗೆ ಜೇನಿನ ಬಣ್ಣಕ್ಕೇ ತಿರುಗಿತ್ತು. ಗೋಡೆಯ ಮೈಯಲ್ಲಿ ಸಾಲಾಗಿ ಕಮಾನಿನ ಗೂಡುಗಳು, ಹಳ್ಳಿಯ ಮನೆಗಳಲ್ಲಿ ದೀಪ ಇಡಲು ಬಿಡುತ್ತಾರಲ್ಲ, ಅಂಥವೇ, ಸ್ವಲ್ಪ ದೊಡ್ಡವು. ಒಂದೊಂದರಲ್ಲೂ ಒಂದೊಂದು ಹುಲ್ಲು ಹೆಣೆದ ಜೇನುಬುಟ್ಟಿ, ಬೋರಲು ಹಾಕಿದ ಮಡಕೆಯ ಹಾಗೆ. ಈ ಗೋಡೆಯನ್ನು ಮನೆಯ ಜೊತೆಗೆ ಸೇರಿಸದೆ ಬೇರೆಯಾಗಿಯೇ ಪಟ್ಟಿಗೆ ಹಾಕಿಸಿದ್ದು ಟಿಲ್ಲಿ. ಮನೆಗೆ ಏನಾದರೂ ಆದರೂ ಗೋಡೆ ಉಳಿಯಲಿ ಎಂದು ಲೆಟಿಸ್ ದೊರೆಸಾನಿ ಕೇಳಿಕೊಂಡಿದ್ದರು.

ಮನೆವಾರ್ತೆ ನೋಡಿಕೊಳ್ಳುವ ಮಿಸೆಸ್ ಬೆಡೋಸ್ ಅಲ್ಲೇ ಕಲ್ಲಿನ ಬೆಂಚಿನ ಮೇಲೆ ಕೂತಿದ್ದಳು. ಮಡಿಲಲ್ಲಿ ಬಟಾಣಿ ಕಾಯಿಯ ಬುಟ್ಟಿ. ಒಂದೂ ಸುಲಿದಿರಲಿಲ್ಲ.

"ಏಳಬೇಡಿ, ಕೂತ್ಕೊಳ್ಳಿ," ಎಂದಳು ಗ್ವಿಲ್ಟ್. "ಜೇನಿಗೆ ಹೇಳಿದ್ದು ನೀವಾ?"

"ಹೇಳಿದ್ದು ನಾನೇ ಮೇಡಂ. ಕಟ್ಟಿದ್ದು ನಾನಲ್ಲ."

"ಅಂದ್ರೆ?"

"ಗುರುವಾರ ನನಗೆ ರಜ. ತಂಗಿ ಮನೇಲಿದ್ದೆ. ಶುಕ್ರವಾರ ಬೆಳಿಗ್ಗೆ ಬಂದು ಬಾಗಿಲು ತೆಗೆದ್ರೆ..." ಅವಳು ಏಪ್ರನ್ನಿನ ಅಂಚಿನಿಂದ ಕಣ್ಣು ಒತ್ತಿಕೊಂಡಳು. "ಹಾಗೆ ಬಿದ್ದಿದ್ರು. ಡಾಕ್ಟ್ರಿಗೆ ಫೋನ್ ಮಾಡಿದೆ, ಸಣ್ಣ ದೊರೆ ರೂಫಸ್ ಅವ್ರನ್ನ ಎಬ್ಬಿಸಿದೆ. ಆಮೇಲೆ ಬೀಗದ ಕೈ ತಗೊಂಡು ಇಲ್ಲಿಗೆ ಓಡಿಬಂದೆ. ತಡ ಮಾಡಬಾರದು ನೋಡಿ. ಹೇಳದಿದ್ರೆ ಜೇನು ಮುನಿಸಿಕೊಂಡು ಎದ್ದು ಹೋಗ್ತವೆ, ಇಲ್ಲ ಒಳಗೇ ಸಾಯ್ತವೆ. ಬಂದು ನೋಡಿದ್ರೆ ಆಗ್ಲೇ ಕಪ್ಪು ಪಟ್ಟಿ ಕಟ್ಟಿದೆ!"

"ಯಾರು ಕಟ್ಟಿರಬಹುದು ಅಂದ್ಕೊಂಡ್ರಿ?"

"ಸಣ್ಣ ದೊರೆ ಅಂದ್ಕೊಂಡೆ. ನನಗಿಂತ ಮುಂಚೆ ಬಂದಿರಬೇಕು ಅಂತ. ಪರವಾಗಿಲ್ಲ, ಅಷ್ಟು ದೂರ ಇದ್ರೂ ರಕ್ತ ಮರೆತಿಲ್ಲ ಅಂತ ಸಮಾಧಾನ ಆಯ್ತು. ಆದ್ರೂ ನನ್ನ ಪಾಲಿಂದು ನಾನು ಹೇಳಿದೆ. ಕೀಲಿಯಿಂದ ಮೂರು ಸಲ ತಟ್ಟಿ, ನಿಮ್ಮ ಒಡತಿ ಹೋದರು ಕಣ್ರವ್ವಾ, ಇನ್ಮೇಲೆ ರೂಫಸ್ ದೊರೆ ನಿಮ್ಮ ಒಡೆಯ ಅಂತ."

ಟಿಲ್ಲಿಗೆ ಈ ಮಾತು ಅರ್ಧ ಮಾತ್ರ ಕೇಳಿಸಿತು. ಅವನು ಮೊದಲನೆಯ ಗೂಡಿನ ಮುಂದೆ ಬಗ್ಗಿ ನಿಂತಿದ್ದ.

"ಛೇ! ಕಲ್ಲಿಗೆ ಕಲೆ ಮಾಡಿಬಿಟ್ಟಿದ್ದಾರೆ," ಎಂದ.

ಅದು ಅವನ ರಕ್ತದಲ್ಲೇ ಬಂದ ಗುಣ. ಕುತ್ತಿಗೆಗೆ ಹಗ್ಗ ಬಿದ್ದಿದ್ದರೂ ಕಂಬಕ್ಕೆ ಗಾಯವಾದೀತೇ ಎಂದು ನೋಡುವವನು. ಬುಟ್ಟಿಯ ಸುತ್ತ ಕಟ್ಟಿದ್ದ ರೇಷ್ಮೆ ಪಟ್ಟಿಯ ಬಣ್ಣ ಬಿಟ್ಟು, ಗೂಡಿನ ಹೊಸ್ತಿಲ ಮೇಲೆ ಕಪ್ಪು ಗೆರೆಗಳಾಗಿ ಇಳಿದಿತ್ತು. ಕೆಳಗಿನ ಕಲ್ಲಿನ ಮೇಲೂ ಹರಿದು ಒಣಗಿತ್ತು. ಅವನು ಕರವಸ್ತ್ರ ತೆಗೆದು ಒರೆಸಲು ಹೋದ.

"ಮುಟ್ಟಬೇಡಿ!"

ಗ್ವಿಲ್ಟ್ ಇಷ್ಟು ಜೋರಾಗಿ ಮಾತಾಡಿದ್ದನ್ನು ಅವನು ಅವತ್ತೇ ಕೇಳಿದ್ದು.

"ಈ ಬಣ್ಣ ಯಾಕೆ ಇಳೀತು ಟಿಲ್ಲಿಯವ್ರೇ?"

"ನೆನೆದಿದ್ದಕ್ಕೆ. ಮಳೆಗೆ. ಪಡುವಣ ಗಾಳಿ ಇದ್ರೆ ಇರಚಲು ಗೂಡಿನೊಳಗೂ ಹೊಡೆಯುತ್ತೆ."

"ಮಳೆ ಯಾವಾಗ ಬಂತು?"

"ಗುರುವಾರ ಮಧ್ಯಾಹ್ನ..." ಟಿಲ್ಲಿಯ ಕೈ ಗಾಳಿಯಲ್ಲೇ ನಿಂತಿತು.

"ಕತ್ತಲಾಗೋ ಹೊತ್ತಿಗೆ ನಿಂತುಹೋಯ್ತು," ಎಂದಳು ಗ್ವಿಲ್ಟ್. " ಆಮೇಲೆ ಒಂದು ಹನಿ ಬಿದ್ದಿಲ್ಲ. ಪಾದ್ರಿಗಳು ಊಟಕ್ಕೆ ಬಂದಿದ್ದು ಮಳೆ ನಿಂತ ಮೇಲೆ. ಆಗ ನಿಮ್ಮ ದೊರೆಸಾನಿ ಮೇಜಿನ ಮುಂದೆ ಕೂತು ಬ್ರೆಡ್ಡಿಗೆ ಬೆಣ್ಣೆ ಹಚ್ತಿದ್ರು."

ಬುಟ್ಟಿಯೊಳಗಿಂದ ಜೇನಿನ ಸದ್ದು ಮಾತ್ರ ಒಂದೇ ಸಮನೆ ಬರುತ್ತಿತ್ತು, ದೂರದಲ್ಲಿ ಯಾರೋ ಬಾಯಿ ಮುಚ್ಚಿಕೊಂಡು ಹಾಡುತ್ತಿರುವ ಹಾಗೆ.

"ದೇವರೇ," ಮಿಸೆಸ್ ಬೆಡೋಸ್ ಪಿಸುಗುಟ್ಟಿದಳು. "ಬದುಕಿರೋವಾಗ್ಲೇ ಸಾವು ಹೇಳಿದ್ರಾ? ಯಾವ ಪಾಪಿ ಹಾಗೆ ಮಾಡ್ತಾನೆ?"

ಟಿಲ್ಲಿ ಯೋಚಿಸಿದ. ಕೊಲ್ಲುವವನು ಮೊದಲೇ ಬಂದು ಕಟ್ಟಿರಬೇಕು. ಕೊಲೆಗೆ ಹೆದರದವನು ಜೇನಿಗೆ ಹೆದರಿರಬೇಕು. ಆದರೆ ರೂಫಸ್ ಈ ಪದ್ಧತಿಯನ್ನೇ ಕೇಳಿಲ್ಲ ಎಂದು ನಕ್ಕಿದ್ದ. ಆ ನಗು ನಟನೆಯ ನಗುವಾಗಿರಲಿಲ್ಲ. ಹಾಗಾದರೆ ಈ ನೆಲದವರೇ ಯಾರೋ. ಪದ್ಧತಿ ಬಲ್ಲವರು. ಅವನು ತನಗೇ ಗೊತ್ತಿಲ್ಲದೆ ಬೆಡೋಸ್ ಕಡೆ ನೋಡಿದ, ನೋಡಿದ್ದಕ್ಕೆ ನಾಚಿಕೊಂಡ.

ಗ್ವಿಲ್ಟ್ ಬುಟ್ಟಿಯ ಹಿಂಭಾಗಕ್ಕೆ ಬಗ್ಗಿದಳು. "ಮಿಸೆಸ್ ಬೆಡೋಸ್, ನಿನ್ನೆ ಈ ಗಂಟು ನೋಡಿದ್ರಾ?"

"ಇಲ್ಲ ಮೇಡಂ. ಕಣ್ಣಲ್ಲಿ ನೀರು ತುಂಬಿತ್ತು. ಕಪ್ಪು ಕಂಡೆ ಅಷ್ಟೇ."

"ಈಗ ನೋಡಿ. ನಿಧಾನಕ್ಕೆ ನೋಡಿ."

ಮುದುಕಿ ಬಟಾಣಿ ಬುಟ್ಟಿ ಕೆಳಗಿಟ್ಟು ಬಂದಳು. ಜೇನು ಅವಳ ಕೈಮೇಲೆ ಕೂತು ಎದ್ದು ಹೋದವು, ಅವಳು ಗಮನಿಸಲಿಲ್ಲ. ಗಂಟಿನ ಮೇಲೆ ಬೆರಳಿಟ್ಟಳು. ಬೆರಳು ಅಲ್ಲೇ ನಿಂತಿತು.

"ಇದು ಎಡಗಂಟು," ಎಂದಳು.

"ಯಾರದು?"

"ಕುದುರೆ ಮೇಲಿಂದ ಬಿದ್ದು ಬಲಗೈ ಹೆಬ್ಬೆರಳು ಮಡಿಚೋಕಾಗ್ತಿರಲಿಲ್ಲ. ಎಡಗೈಲಿ ಸುತ್ತಿ, ತುದಿ ಹಲ್ಲಲ್ಲಿ ಕಚ್ಚಿ ಎಳೆಯೋರು. ಜಾಮ್ ಶೀಶೆ ಬಟ್ಟೆ, ಏಪ್ರನ್ನು, ಕ್ರಿಸ್ಮಸ್ ಪೊಟ್ಟಣ, ಎಲ್ಲಕ್ಕೂ ಇದೇ. ನೀವು ಕಟ್ಟಿದ್ದು ನಾನು ಬಿಚ್ಚೋದೇ ಆಯ್ತಲ್ಲ ಅಂತ ಬೈತಿದ್ದೆ." ಅವಳ ದನಿ ಒಡೆಯಿತು. "ನೋಡಿ, ತುದಿಯಲ್ಲಿ ಹಲ್ಲಿನ ಗುರುತು. ಇದು ನಮ್ಮ ದೊರೆಸಾನಿ ಕಟ್ಟಿದ್ದು ಮೇಡಂ. ಅವರೇ ಕಟ್ಟಿದ್ದು."

ಟಿಲ್ಲಿ ಮನೆಯ ಕಡೆ ತಿರುಗಿ ನೋಡಿದ. ತಮ್ಮ ಸಾವನ್ನು ತಾವೇ ಹೇಳಿದರೇ? ತಾವೇ ಒರಗಿ, ಬೇಕೆಂದೇ...

"ಇಲ್ಲ," ಗ್ವಿಲ್ಟ್ ಅವನ ಮನಸ್ಸು ಓದಿದವಳಂತೆ ಹೇಳಿದಳು. "ಸಾಯಬೇಕು ಅಂದ್ಕೊಂಡವರು ಗೂಟ ಕೆತ್ತಿ ಬಣ್ಣ ಹಚ್ಚಲ್ಲ. ಮಂಜುಗಣ್ಣಿಗೆ, ಮಡಿಚದ ಹೆಬ್ಬೆರಳಿಗೆ ಆ ಕೆಲಸ ಆಗೋದೂ ಇಲ್ಲ. ಅವರು ಹೇಳಿದ್ದು ತಮ್ಮ ಸಾವಲ್ಲ. ಬೇರೆ ಯಾರದೋ." ಅವಳು ಬೆಡೋಸ್ ಕಡೆ ತಿರುಗಿದಳು. "ಊರಲ್ಲಿ ಯಾರು ಸತ್ರೂ ಹೇಳ್ತಿದ್ರಾ? ಕೆಲಸದವರು, ಸ್ನೇಹಿತರು?"

"ಇಲ್ಲ ಮೇಡಂ. ನನ್ನ ಗಂಡ ಸತ್ತಾಗಲೂ ಹೇಳಲಿಲ್ಲ. ಜೇನು ಪೆಂಬ್ರಿ ಮನೆಯವು. ಪೆಂಬ್ರಿಗಳು ಸತ್ರೆ ಮಾತ್ರ."

"ಸರಿ. ಗುರುವಾರ ಮಧ್ಯಾಹ್ನ, ಮಳೆಗೆ ಮುಂಚೆ, ಒಬ್ಬರು ಪೆಂಬ್ರಿ ಸತ್ತ ಸುದ್ದಿ ನಿಮ್ಮ ದೊರೆಸಾನಿಗೆ ಸಿಕ್ಕಿದೆ. ಹೇಗೆ ಸಿಕ್ತು ಅನ್ನೋದು ನನಗಿನ್ನೂ ಗೊತ್ತಿಲ್ಲ. ಈ ವಂಶದಲ್ಲಿ ಅವರನ್ನ ಬಿಟ್ಟು ಇನ್ನು ಯಾರು ಉಳಿದಿದ್ರು?"

ಮಿಸೆಸ್ ಬೆಡೋಸ್ ಗಂಟಿನ ಮೇಲಿಂದ ಬೆರಳು ತೆಗೆದಳು.

"ಯಾರೂ ಇಲ್ಲ ಮೇಡಂ," ಎಂದಳು. "ಸಣ್ಣ ದೊರೆ ಒಬ್ರೇ."

ಗೋಡೆಯ ನೆರಳು ಹುಲ್ಲಿನ ಮೇಲೆ ಸ್ವಲ್ಪ ಸ್ವಲ್ಪವೇ ಮುಂದೆ ಬರುತ್ತಿತ್ತು.

"ಅವರು ಈ ಪದ್ಧತಿ ಕೇಳೇ ಇಲ್ಲ ಅಂದ್ರು. ಹೊರಗೆ ಬೆಳೆದವರು, ನಿಜ ಇರಬಹುದು," ಟಿಲ್ಲಿ ತೊದಲಿದ. ತನ್ನ ಮಾತನ್ನು ತಾನೇ ನಂಬದವನ ದನಿ.

"ಕೇಳೇ ಇಲ್ಲ ಅಂದ್ರಾ?" ಬೆಡೋಸ್ ಅವನನ್ನೇ ದಿಟ್ಟಿಸಿದಳು. "ಅವರಪ್ಪ ತೀರಿಕೊಂಡ ದಿನ ಜೇನಿಗೆ ಹೇಳಿದ್ದೇ ಸಣ್ಣ ದೊರೆ! ಅವರಿನ್ನೂ ಕೂಸು, ಗೂಡು ಎಟಕ್ತಿರಲಿಲ್ಲ. ನಾನೇ ಸೊಂಟಕ್ಕೆ ಎತ್ತಿಕೊಂಡಿದ್ದೆ. ಕೀಲಿ ಭಾರ ಅಂತ ಎರಡೂ ಕೈಲಿ ಹಿಡಿದು ತಟ್ಟಿದ್ರು. ನನ್ನ ಅಪ್ಪ ಇಲ್ಲ, ನೀವು ಹೋಗಬೇಡಿ ಅಂದ್ರು. ನಮ್ಮ ದೊರೆಸಾನಿ ಅವತ್ತು ಅತ್ತಿದ್ದು ಅದಕ್ಕೇ. ಅದನ್ನ ಯಾರು ಮರೀತಾರೆ ಸಾರ್?"

"ಅವರನ್ನ ಮಣ್ಣು ಮಾಡಿದ ದಿನ ಮಳೆ ಇತ್ತಾ?" ಗ್ವಿಲ್ಟ್ ಕೇಳಿದಳು.

"ಮಳೆನಾ? ನೆತ್ತಿ ಸೀಳೋ ಬಿಸಿಲು. ಆಗಿನ ಪಾದ್ರಿಗಳು ತಲೆ ತಿರುಗಿ ಬಿದ್ದಿದ್ರು."

ಮಂಜುಗಣ್ಣಿನ ಮುದುಕಿಯೊಬ್ಬಳು ಊಟದ ಮೇಜಿನ ಮುಂದೆ ಕೂತು, ಎದುರಿಗಿದ್ದವನನ್ನು ಒಂದೇ ಒಂದು ಪ್ರಶ್ನೆ ಕೇಳಿ, ಸಿಕ್ಕ ಉತ್ತರವನ್ನು ಬಾಯಲ್ಲೇ ಇಟ್ಟುಕೊಂಡು ಬ್ರೆಡ್ಡಿಗೆ ಬೆಣ್ಣೆ ಹಚ್ಚಿದ್ದು ಟಿಲ್ಲಿಯ ಕಣ್ಣಿಗೆ ಕಟ್ಟಿತು. ಆ ಕೈ ನಡುಗಿರಲಿಕ್ಕಿಲ್ಲ. ಪೆಂಬ್ರಿಗಳ ಕೈ ನಡುಗುವುದಿಲ್ಲ.

ಮಿಸೆಸ್ ಬೆಡೋಸ್ ಬೆಂಚಿನ ಮೇಲೆ ಕುಸಿದು ಕೂತಳು.

"ಮೇಡಂ," ಎಂದಳು. "ಹಾಗಾದ್ರೆ ಇಷ್ಟು ದಿನ ನಾನು ಚಹಾ ಕೊಡ್ತಾ ಇದ್ದದ್ದು ಯಾರಿಗೆ?"

ಯೂ ಗಿಡದ ಬೇಲಿಯ ಆಚೆ ಜಲ್ಲಿಕಲ್ಲಿನ ಮೇಲೆ ಬೂಟಿನ ಸದ್ದು ಕೇಳಿಸಿತು. ಅವಸರವಿಲ್ಲದ ನಡಿಗೆ. ಸದ್ದು ಬೇಲಿಯ ಸಂದಿನ ಹತ್ತಿರ ಬಂದು ನಿಂತಿತು. ಎಷ್ಟು ಹೊತ್ತಿನಿಂದ ಅಲ್ಲೇ ಇತ್ತೋ, ಈಗ ತಾನೇ ಬಂತೋ, ಹೇಳುವ ಹಾಗಿರಲಿಲ್ಲ.

ಗ್ವಿಲ್ಟ್ ತುಟಿಯ ಮೇಲೆ ಬೆರಳಿಟ್ಟಳು. ಟಿಲ್ಲಿ ಜೇಬಿನಲ್ಲಿದ್ದ ಬಾಗಿದ ಗೂಟವನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದುಕೊಂಡ.

"ಬೆಡೋಸಮ್ಮಾ," ಬೆಂಕಿಗೂಡಿನ ಮುಂದೆ ಕೇಳಿದ ಅದೇ ದನಿ ಮೃದುವಾಗಿ ಕರೆಯಿತು, "ಜೇನು ಏನಂತವೆ?"